ಫ್ಲೈ ಕಟ್ಟುವ ಡೆಮೊ: ಎಲ್ಲಿ ನಿಲ್ಲಬೇಕು, ಏನು ನೋಡಬೇಕು, ಏನು ಬರೆದುಕೊಳ್ಳಬೇಕು?

ಗಾಳದಕಣ್ಣು
ಎರಡು ದಿನದ ಫ್ಲೈ ಟೈಯಿಂಗ್ (ಗಾಳಕ್ಕೆ ಗರಿ, ಕೂದಲು, ದಾರ ಕಟ್ಟಿ ಹುಳುವಿನಂತೆ ಕಾಣುವ ಕೃತಕ ಎರೆ ಮಾಡುವುದು) ಪ್ರದರ್ಶನಕ್ಕೆ ಹೋಗುವುದಿದೆ. ಸಭಾಂಗಣದಲ್ಲಿ ಸಾಲುಮೇಜು, ಒಂದೊಂದು ಮೇಜಿನ ಹಿಂದೆ ಒಬ್ಬೊಬ್ಬರು ಕಟ್ಟುತ್ತಿರುತ್ತಾರೆ. ಪಕ್ಕದ ಕೋಣೆಯಲ್ಲಿ ದೊಡ್ಡ ಪರದೆ ಹಾಕಿ ಗಂಟೆಗೊಂದು ಡೆಮೊ. ದುಡ್ಡು ಕೊಟ್ಟು ಸೇರುವ ತರಗತಿಗಳು ಬೇರೆ. ವೂಲಿ ಬಗ್ಗರ್, ಫೆಸೆಂಟ್ ಟೇಲ್, ಸಾದಾ ನಿಂಫ್‌ಗಳು (ನೀರಿನಡಿಯ ಮರಿಹುಳುವಿನ ನಕಲು) ಕೈಗೆ ಬರುತ್ತವೆ. ಎಲ್ಕ್ ಹೇರ್ ಕ್ಯಾಡಿಸ್‌ನ ಎಲ್ಕ್ ಜಿಂಕೆಯ ಕೂದಲಿನ ರೆಕ್ಕೆ ಮಾತ್ರ ಪ್ರತಿ ಸಲ ಆಚೆ ಬದಿಗೆ ಉರುಳುತ್ತದೆ, ಪ್ಯಾರಾಶೂಟ್ ಫ್ಲೈಯ ಹ್ಯಾಕಲ್ (ಸುತ್ತುವ ಕೋಳಿಗರಿ) ಎರಡನೇ ಮೀನಿಗೇ ಬಿಚ್ಚಿಕೊಳ್ಳುತ್ತದೆ. ಬೇರೆಯವರು ಕಟ್ಟುವುದನ್ನು ನೋಡುವಾಗ ಎಲ್ಲ ಸುಲಭ, ವೈಸ್ (ಗಾಳ ಹಿಡಿದಿಡುವ ಇಕ್ಕಳ) ಮುಂದೆ ಕೂತರೆ ತಲೆ ಖಾಲಿ. ಎಲ್ಲಿ ನಿಲ್ಲಬೇಕು, ಏನು ಗಮನಿಸಬೇಕು, ಏನು ಕೇಳಬೇಕು, ಏನು ಕೊಳ್ಳಬಾರದು?

ಮುಂಗೈ
ಒಂದೇ ಮಾತು: ಎಡಗೈ ನೋಡಿ. (ಕಟ್ಟುವವರು ಎಡಚರಾದರೆ ಬಲಗೈ.)

ಡೆಮೊದಲ್ಲಿ ಎಲ್ಲರ ಕಣ್ಣೂ ಬಾಬಿನ್ (ದಾರದ ಉಂಡೆ ಹಿಡಿಯುವ ಸಾಧನ) ಹಿಂದೆ ಓಡುತ್ತದೆ, ಯಾಕೆಂದರೆ ಅಲ್ಲಾಡುವುದು ಅದು. ಆದರೆ ದಾರ ಸುತ್ತುವುದು ಒಂದು ವಾರದಲ್ಲಿ ಬರುವ ವಿದ್ಯೆ. ಗರಿ, ಕೂದಲು, ಡಬ್ಬಿಂಗ್ (ದಾರಕ್ಕೆ ಹೊಸೆದು ಮೈ ಮಾಡುವ ತುಪ್ಪಟ) ಇವನ್ನು ಹಿಡಿದಿರುವ ಕೈ ಯಾವಾಗ ಬಿಗಿ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎನ್ನುವುದರಲ್ಲಿ ಅರ್ಧ ಕೆಲಸ ಇದೆ. ಚಿವುಟು ಸುತ್ತನ್ನೇ ತೆಗೆದುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತೆ ಕಟ್ಟುವ ಜಾಗವನ್ನೇ ಮುಚ್ಚಿರಬೇಕು. ದಾರ ಆ ಎರಡು ಬೆರಳಿನ ನಡುವೆ ಮೇಲೇರಿ, ಸಡಿಲ ಕುಣಿಕೆಯಾಗಿ ಸಾಮಗ್ರಿಯನ್ನು ದಾಟಿ, ಮತ್ತೆ ಬೆರಳುಗಳ ನಡುವೆಯೇ ಆಚೆ ಬದಿಗೆ ಇಳಿಯಬೇಕು. ಆಮೇಲೆ ನೇರ ಕೆಳಕ್ಕೆ ಎಳೆತ. ಹೊಸಬರ ಬೆರಳು ಕಟ್ಟುವ ಜಾಗದಿಂದ 3 ಮಿ.ಮೀ. ಹಿಂದೆ ಇರುತ್ತದೆ, ಎಳೆದ ಕೂಡಲೇ ಗರಿ ದಾರದ ಜೊತೆ ಆಚೆ ಬದಿಗೆ ಜಾರುತ್ತದೆ. ಪಳಗಿದವರ ಬೆರಳಿನಡಿ ಕಟ್ಟುವ ಜಾಗ ಕಾಣುವುದೇ ಇಲ್ಲ. ಕಾಣದ ಜಾಗವನ್ನು ಅವರು ಹೇಗೆ ಅಂದಾಜು ಮಾಡುತ್ತಾರೆ ಅನ್ನುವುದೇ ನೀವು ಕದಿಯಬೇಕಾದದ್ದು.

ಎರಡನೆಯದು, ಸುತ್ತು ಎಣಿಸಿ. ಬಾಲ ಕಟ್ಟಲು ಅವರು 3 ಸುತ್ತು ಹಾಕಿದರೆ ನಾವು 10 ಹಾಕುತ್ತೇವೆ. ಅವರು ಬೇಗ ಮುಗಿಸುವುದು ಕೈ ಓಡುವುದರಿಂದಲ್ಲ, ಬೇಡದ ಸುತ್ತು ಹಾಕದೇ ಇರುವುದರಿಂದ.

ನವಿಲೆಳೆ
ನಿಲ್ಲುವ ಜಾಗದ ಬಗ್ಗೆ ಹೇಳುತ್ತೇನೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಬಲಗೈಯವರ ಗಾಳದ ಕಣ್ಣು (ನೂಲು ಕಟ್ಟುವ ಉಂಗುರ) ಅವರ ಬಲಕ್ಕಿರುತ್ತದೆ. ಎದುರು ನಿಂತವರಿಗೆ ಅದು ಎಡಕ್ಕೆ ಕಾಣುತ್ತದೆ. ಅವರು ತಮ್ಮಿಂದ ಆಚೆಗೆ ಸುತ್ತಿದ್ದು ನಿಮಗೆ ನಿಮ್ಮ ಕಡೆಗೆ ಬಂದಂತೆ ಕಾಣುತ್ತದೆ. ಮಿದುಳು ಇದನ್ನು ತಿರುಗಿಸಿಕೊಳ್ಳುವುದರಲ್ಲೇ ಸುಸ್ತಾಗಿ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಅನುಮತಿ ಕೇಳಿ ಅವರ ಬಲಭುಜದ ಹಿಂದೆ ನಿಲ್ಲುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ ಮೇಜಿನ ಕೊನೆಗೆ ಸರಿದು, ಗಾಳದ ಕಣ್ಣಿನ ಕಡೆಯಿಂದ ಉದ್ದುದ್ದಕ್ಕೆ ನೋಡಿ. ರೆಕ್ಕೆ ಗಾಳದ ದಂಡದ ಮೇಲೇ ಕೂತಿದೆಯೇ, ಪಕ್ಕಕ್ಕೆ ವಾಲಿದೆಯೇ ಎನ್ನುವುದು ಅಲ್ಲಿಂದ ಮಾತ್ರ ಗೊತ್ತಾಗುತ್ತದೆ.

ಪರದೆಯ ಡೆಮೊದಲ್ಲಿ ಚಿತ್ರ ದೊಡ್ಡದಾಗಿ ಕಾಣುತ್ತದೆ, ಆಳ ಕಾಣುವುದಿಲ್ಲ. ಕ್ಯಾಮೆರಾ ಪಕ್ಕದಿಂದ ಹಿಡಿದಾಗ ಆಚೆ ಬದಿ ಪೂರ್ತಿ ಮರೆ. ಅಳತೆ, ಪ್ರಮಾಣ, ಕ್ರಮ ಕಲಿಯಲು ಪರದೆ ಚೆನ್ನ. ಬೆರಳಿನ ಹಿಡಿತ ಕಲಿಯಲು ಮೇಜಿಗೇ ಹೋಗಬೇಕು.

ಎಡಚ
ಎಡಗೈಯವರಿಗೆ ಇದೇ ವರ. ಬಲಗೈಯವರ ಎದುರು ನಿಂತರೆ ಹೆಚ್ಚಿನದು ಸರಿಯಾಗಿ ಕಾಣುತ್ತದೆ: ಕಣ್ಣು ಎಡಕ್ಕೆ, ಬಾಬಿನ್ ಹಿಡಿದ ಕೈಯೂ ಎಡಕ್ಕೆ. ಸುತ್ತು ಮಾತ್ರ ನಮ್ಮ ಕಡೆಗೆ ಬರುತ್ತದೆ, ಅದೊಂದನ್ನು ತಿರುಗಿಸಿಕೊಂಡರೆ ಸಾಕು. ಭುಜದ ಹಿಂದೆ ಹೋಗುವ ಗೋಜೇ ಬೇಡ. ಮುಂದಿನ ಸಾಲು ನಮಗೆ ಬಿಟ್ಟುಕೊಡಿ ಮಾರಾಯ್ರೇ.

ತೊರೆಬದಿ
ಮುಂಗೈ ಅವರ ಮಾತು ಸರಿ. ಆದರೆ ಡೆಮೊ ಶುರುವಾಗುವ ಹೊತ್ತಿಗೆ ಅರ್ಧ ಕೆಲಸ ಆಗಿಹೋಗಿರುತ್ತದೆ, ಅದನ್ನು ಮರೆಯಬೇಡಿ. ಗಾಳದ ಮುಳ್ಳು ಮೊದಲೇ ಒತ್ತಿರುತ್ತಾರೆ, ಮಣಿ ಹಾಕಿರುತ್ತಾರೆ, ಹ್ಯಾಕಲ್ ಅಳೆದು ಬುಡ ಸುಲಿದಿಟ್ಟಿರುತ್ತಾರೆ, ಕೂದಲಿನ ಒಳತುಪ್ಪಟ ಬಾಚಿ ತೆಗೆದಿರುತ್ತಾರೆ. ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಕಟ್ಟುತ್ತಾ ಹೋಗುತ್ತಾರೆ. ಮನೆಯಲ್ಲಿ ಕೆಡುವುದು ಆ ಕಾಣದ ಭಾಗದಲ್ಲಿ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: “ಈ ಗರಿಯನ್ನು ಚರ್ಮದಿಂದ ಕಿತ್ತು ಇಲ್ಲಿಗೆ ತರುವವರೆಗೆ ಏನೇನು ಮಾಡಿದಿರಿ, ಒಂದು ಸಲ ತೋರಿಸುತ್ತೀರಾ?” ತೋರಿಸದವರು ಅಪರೂಪ.

ಇನ್ನೊಂದು ಮೋಸ ಗಾಳದ ಅಳತೆಯದು. ನೋಡುವವರಿಗೆ ಕಾಣಲಿ ಅಂತ 8 ಅಥವಾ 10ನೇ ನಂಬರಿನ ದೊಡ್ಡ ಗಾಳದಲ್ಲಿ ಕಟ್ಟುತ್ತಾರೆ. ನೀವು ಮನೆಗೆ ಬಂದು 16ರಲ್ಲಿ ಅದೇ ಪ್ರಮಾಣ ಹಾಕಿದರೆ ಫ್ಲೈ ಹೊಟ್ಟೆ ಉಬ್ಬಿದ ಕಂಬಳಿಹುಳು. ಫೆಸೆಂಟ್ ಬಾಲದ ಎಳೆ 14ಕ್ಕೆ 5–6 ಬೇಕಾದರೆ 18ಕ್ಕೆ 3 ಸಾಕು. ಟಂಗ್‌ಸ್ಟನ್ ಮಣಿ 12ಕ್ಕೆ 3.3 ಮಿ.ಮೀ., 14ಕ್ಕೆ 2.8, 16ಕ್ಕೆ 2.4 ಆಸುಪಾಸು. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು ಅನ್ನುವುದು ಗೊತ್ತಿದ್ದರೂ, ಡೆಮೊ ನೋಡುವಾಗ ಮರೆತುಹೋಗುತ್ತದೆ. “ಇದನ್ನೇ 16ರಲ್ಲಿ ಕಟ್ಟಿದರೆ ಏನೇನು ಬದಲಾಗುತ್ತದೆ?” ಅಂತ ಕೇಳಿ.

ಗಾಳದಕಣ್ಣು
ಎಲ್ಕ್ ಹೇರ್ ಕ್ಯಾಡಿಸ್ ಡೆಮೊ ಒಂದು ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. ಅಲ್ಲಿ ನಿರ್ದಿಷ್ಟವಾಗಿ ಯಾವ ಕ್ಷಣ ನೋಡಬೇಕು?

ಮುಂಗೈ
ನಾಲ್ಕು ಕಡೆ ಕಣ್ಣಿಡಿ.

ಮೊದಲು, ಮೈ ಎಲ್ಲಿಗೆ ನಿಂತಿದೆ. ಕಣ್ಣಿನ ಹಿಂದೆ ಕಣ್ಣಿನ ಒಂದೂವರೆಯಷ್ಟು ಅಗಲ ಜಾಗ ಖಾಲಿ ಇರಬೇಕು, ಆ ಜಾಗ ಸಮತಟ್ಟಾಗಿರಬೇಕು. ಡಬ್ಬಿಂಗ್ ಮುಂದಕ್ಕೆ ಬಂದಿದ್ದರೆ ರೆಕ್ಕೆ ಇಳಿಜಾರಿನ ಮೇಲೆ ಕೂರುತ್ತದೆ. ಆಮೇಲೆ ಎಷ್ಟು ಬಿಗಿದರೂ ಕಣ್ಣಿನ ಕಡೆಗೆ ಜಾರುತ್ತದೆ. ಖಾಲಿ ಜಾಗದಲ್ಲಿ ದಾರದ ಒಂದು ಪದರ ಹಾಸಿರಬೇಕು. ಬರಿ ಲೋಹದ ಮೇಲೆ ಕೂದಲು ನಿಲ್ಲುವುದಿಲ್ಲ.

ಆಮೇಲೆ ಕೂದಲಿನ ಪ್ರಮಾಣ. 14ನೇ ಗಾಳಕ್ಕೆ, ಬಾಚಿ ಒಳತುಪ್ಪಟ ಮತ್ತು ಗಿಡ್ಡ ಕೂದಲು ತೆಗೆದ ಮೇಲೆ, ಹಿಂಡಿ ಹಿಡಿದಾಗ ಬೆಂಕಿಕಡ್ಡಿಯಷ್ಟು ದಪ್ಪ. ಬಾಚುವುದನ್ನು ಬಿಟ್ಟರೆ ಸ್ಟ್ಯಾಕರ್‌ನಲ್ಲಿ (ಕೂದಲಿನ ತುದಿ ಸಮ ಮಾಡುವ ಕೊಳವೆ) ಎಷ್ಟು ಕುಟ್ಟಿದರೂ ತುದಿ ಒಂದಾಗುವುದಿಲ್ಲ, ತುಪ್ಪಟ ಕೂದಲನ್ನು ಕೆಳಗೆ ಬಿಡದೆ ಹಿಡಿದುಕೊಳ್ಳುತ್ತದೆ. ಒಣಹವೆಯಲ್ಲಿ ಸ್ಥಾಯಿ ವಿದ್ಯುತ್ತೂ ಅದೇ ಕೆಲಸ ಮಾಡುತ್ತದೆ. ಹಿತ್ತಾಳೆ ಸ್ಟ್ಯಾಕರ್ ಪ್ಲಾಸ್ಟಿಕ್‌ಗಿಂತ ವಾಸಿ.

ಮೂರನೆಯದು ಅಳತೆ: ತುದಿ ಗಾಳದ ಬಾಗಿನ ಕೊನೆಗೆ ಸಮ. ಬಲಗೈಯಿಂದ ಎಡಗೈಗೆ ಕೂದಲು ದಾಟಿಸುವಾಗ ಅಳತೆ ತಪ್ಪುತ್ತದೆ. ಆ ದಾಟಿಸುವಿಕೆಯನ್ನು ನೋಡಿ. ಹಲವರು ಬಲಬೆರಳನ್ನು ತೆಗೆಯದೆ ಎಡಬೆರಳನ್ನು ಅದರ ಅಂಚಿಗೇ ತಾಗಿಸಿ ಹಿಡಿಯುತ್ತಾರೆ.

ಕೊನೆಗೆ ಸುತ್ತು. ಎರಡು ಸಡಿಲ, ಮೂರನೆಯದು ಬಿಗಿ, ಅದೇ ಜಾಗದಲ್ಲಿ ಇನ್ನೂ ಮೂರು-ನಾಲ್ಕು ಬಿಗಿ. ಎಡಗೈ ಇಷ್ಟೂ ಹೊತ್ತು ಬಿಡಬಾರದು. ನಿಮ್ಮ ರೆಕ್ಕೆ ಉರುಳುತ್ತಿದ್ದರೆ ನೀವು ಮೂರನೇ ಸುತ್ತಿಗೇ ಬೆರಳು ಸಡಿಲಿಸುತ್ತಿದ್ದೀರಿ, ಬಹುಶಃ ಬುಡ ಹೇಗೆ ಅರಳಿತು ನೋಡುವ ಆಸೆಗೆ. ಆಮೇಲೆ ಬುಡದ ಕೂದಲಿನ ನಡುವೆ ಒಂದೆರಡು ಸುತ್ತು ತೂರಿಸಿ, ಬುಡವನ್ನು ಎತ್ತಿ ಹಿಡಿದು ಕಣ್ಣಿನ ಹಿಂದೆ ವಿಪ್ ಫಿನಿಶ್ (ದಾರ ಮುಗಿಸುವ ಗಂಟು). ಬುಡವನ್ನು ಓರೆಯಾಗಿ ಕತ್ತರಿಸಿ ಕಣ್ಣಿನ ಮೇಲೆ ಚಿಕ್ಕ ಮೋಟು ಉಳಿಸಬೇಕು.

ಹ್ಯಾಕಲ್ ಕೂಡ ಗಮನಿಸಿ: ಮುಂದಿನಿಂದ ಹಿಂದಕ್ಕೆ ಸುತ್ತಿ, ಬಾಲದ ಕಡೆಯಿಂದ ತಂತಿಯನ್ನು ಎದುರು ದಿಕ್ಕಿಗೆ ಮುಂದಕ್ಕೆ ತಂದು ಬಿಗಿಯುತ್ತಾರೆ. ತಂತಿ ಗರಿಯ ದಂಟನ್ನು ದಾಟಿ ದಾಟಿ ಹೋಗುವುದರಿಂದ ಹಲ್ಲು ತಾಗಿ ದಂಟು ಒಂದು ಕಡೆ ಹರಿದರೂ ಪೂರ್ತಿ ಬಿಚ್ಚುವುದಿಲ್ಲ. ವೂಲಿ ಬಗ್ಗರ್‌ನಲ್ಲೂ ಇದೇ ಉಪಾಯ ನಡೆಯುತ್ತದೆ.

ತೊರೆಬದಿ
ಒಂದು ಸೇರಿಸುತ್ತೇನೆ. ದಾರದ ಡೆನಿಯರ್ (ದಪ್ಪದ ಅಳತೆ) ಕೇಳಿ. 70 ಡೆನಿಯರ್‌ನಲ್ಲಿ ಎಲ್ಕ್ ಕೂದಲನ್ನು ಬಿಗಿದರೆ ಒಂದೋ ದಾರ ಹರಿಯುತ್ತದೆ, ಇಲ್ಲವೇ ಟೊಳ್ಳು ಕೂದಲನ್ನೇ ಕತ್ತರಿಸುತ್ತದೆ. 12–14ಕ್ಕೆ 140 ಇದ್ದರೆ ನಿಶ್ಚಿಂತೆ.

ಹಳೇಹ್ಯಾಕಲ್
140 ಹಾಕಿದರೆ ತಲೆ ದಪ್ಪವಾಗುತ್ತದೆ, 16ರ ಕೆಳಗೆ ಕಣ್ಣೇ ಮುಚ್ಚಿಹೋಗುತ್ತದೆ. 70ರಲ್ಲೇ ಕಟ್ಟಬಹುದು, ದಾರವನ್ನು ಚಪ್ಪಟೆ ಮಾಡಿಕೊಳ್ಳಬೇಕು ಅಷ್ಟೇ. ಡೆಮೊದಲ್ಲಿ ಹೆಚ್ಚು ಜನ ಕಾಣದೇ ಬಿಡುವ ಚಲನೆ ಇದು: ಅವರು ನಡುನಡುವೆ ಬಾಬಿನ್ ನೇತುಬಿಟ್ಟು ಬೆರಳಲ್ಲಿ ಬುಗುರಿ ತಿರುಗಿಸಿದಂತೆ ತಿರುಗಿಸುತ್ತಾರೆ. ಬಲಗೈಯವರು ಸುತ್ತುತ್ತಾ ಹೋದಂತೆ ದಾರಕ್ಕೆ ಹುರಿ ಏರುತ್ತದೆ. ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹುರಿ ಬಿಚ್ಚಿ ದಾರ ಪಟ್ಟಿಯಾಗುತ್ತದೆ. ಪಟ್ಟಿಯಾದ ದಾರ ಕೂದಲನ್ನು ಕತ್ತರಿಸುವುದಿಲ್ಲ, ಮೈ ಉಬ್ಬಿಸುವುದಿಲ್ಲ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಹಗ್ಗದಂತೆ ಗುಂಡಾಗಿ, ಒಂದೇ ಜಾಗದಲ್ಲಿ ಕಚ್ಚಿ ಹಿಡಿಯುತ್ತದೆ.

ಸಿಡಿಸಿ (ಬಾತುಕೋಳಿಯ ಎಣ್ಣೆಗ್ರಂಥಿಯ ಬಳಿಯ ಮೆತ್ತನೆ ಗರಿ) ಎಳೆಗಳನ್ನು ದಾರ ಸೀಳಿ ತೂರಿಸುವ ಡೆಮೊ ಇದ್ದರೆ ಇದೆಲ್ಲ ಒಂದೇ ಕಡೆ ಸಿಗುತ್ತದೆ: ಮೊದಲು ಚಪ್ಪಟೆ ಮಾಡಿ, ಸೂಜಿಯಿಂದ ಸೀಳಿ, ಎಳೆ ಇಟ್ಟು, ನಂತರ ಗಡಿಯಾರದ ದಿಕ್ಕಿಗೆ ತಿರುಗಿಸಿ ಕಚ್ಚಿಸುತ್ತಾರೆ. ಹಲವು ಎಳೆ ಸೇರಿದ ದಾರ ಬೇಕು. ಒಂದೇ ಎಳೆಯದು ಸೀಳುವುದಿಲ್ಲ.

ಇನ್ನು ನಿಮ್ಮ ಪ್ಯಾರಾಶೂಟ್. ಬಿಚ್ಚಿಕೊಳ್ಳಲು ಸಾಮಾನ್ಯವಾಗಿ ಮೂರು ಕಾರಣ. ಪೋಸ್ಟ್‌ನ (ಹ್ಯಾಕಲ್ ಸುತ್ತುವ ನೆಟ್ಟನೆ ಕಂಬ) ಬುಡ ಮೆತ್ತಗಿರುತ್ತದೆ: 14ಕ್ಕೆ 2–3 ಮಿ.ಮೀ. ಎತ್ತರದವರೆಗೆ ದಾರ ಸುತ್ತಿ ಮತ್ತೆ ಇಳಿಸಿ, ಒಂದು ಹನಿ ಹೆಡ್ ಸಿಮೆಂಟ್ (ದಾರ ಬಿಚ್ಚದಂತೆ ಹಚ್ಚುವ ಅಂಟು) ಹಾಕಬೇಕು. ಹ್ಯಾಕಲ್‌ನ ಸುಲಿದ ದಂಟನ್ನು ಗಾಳಕ್ಕೆ ಮಾತ್ರ ಕಟ್ಟಿ ಪೋಸ್ಟ್‌ಗೆ ಕಟ್ಟದೇ ಬಿಟ್ಟಿರುತ್ತಾರೆ. ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಿರುತ್ತದೆ. ಮೇಲಿನಿಂದ ಶುರು ಮಾಡಿ ಪ್ರತಿ ಸುತ್ತನ್ನೂ ಹಿಂದಿನದರ ಕೆಳಗೆ ಕೂರಿಸಬೇಕು, ಐದು ಸುತ್ತು ಸಾಕು. ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ಸುತ್ತಿದರೆ ಗರಿಯ ತುದಿ ಪೋಸ್ಟ್‌ನ ಮುಂದೆ ಹಾಯ್ದು ಆಚೆ ಬದಿಗೆ ನಿಲ್ಲುತ್ತದೆ. ದಾರವೂ ಆಚೆಗೇ ಎಳೆಯುವುದರಿಂದ ಕಟ್ಟಿದಷ್ಟೂ ಬಿಗಿಯಾಗುತ್ತದೆ. ತಿರುಗಾಮುರುಗ ಸುತ್ತಿದರೆ ದಾರವೇ ಅದನ್ನು ಬಿಚ್ಚುತ್ತದೆ. ಡೆಮೊದಲ್ಲಿ ದಿಕ್ಕನ್ನು ಬಾಣದ ಗುರುತು ಹಾಕಿ ಬರೆದುಕೊಳ್ಳಿ. ನೆನಪಿನಲ್ಲಿ ಇಟ್ಟುಕೊಂಡರೆ ಮನೆ ತಲುಪುವಷ್ಟರಲ್ಲಿ ಉಲ್ಟಾ ಆಗಿರುತ್ತದೆ.

ನವಿಲೆಳೆ
ಬರೆದುಕೊಳ್ಳುವುದು ಅಂದಾಗ ಎಲ್ಲರೂ ಸಾಮಗ್ರಿ ಪಟ್ಟಿ ಬರೆಯುತ್ತಾರೆ. ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದೇ ಇರುವುದು ಇವು: ಸಾಮಗ್ರಿ ಕಟ್ಟಿದ ಕ್ರಮ (ಸುತ್ತುವ ಕ್ರಮ ಸಾಮಾನ್ಯವಾಗಿ ಅದರ ಉಲ್ಟಾ), ಪ್ರತಿ ಹಂತ ಮುಗಿದಾಗ ದಾರ ಎಲ್ಲಿ ನೇತಾಡುತ್ತಿತ್ತು, ಎಷ್ಟು ಸುತ್ತು. ಬಿಳಿ ಕಾರ್ಡ್ ಮೇಲೆ ಮೊದಲೇ ಗಾಳದ ಚಿತ್ರ ಆರೇಳು ಸಲ ಬರೆದಿಟ್ಟುಕೊಳ್ಳಿ. ಒಂದೊಂದು ಹಂತಕ್ಕೂ ಒಂದು ಚಿತ್ರದಲ್ಲಿ ದಾರದ ಜಾಗಕ್ಕೆ ಚುಕ್ಕೆ, ಪಕ್ಕದಲ್ಲಿ ಸುತ್ತಿನ ಸಂಖ್ಯೆ. ವಾಕ್ಯ ಬರೆಯಲು ತಲೆ ತಗ್ಗಿಸಿದರೆ ಒಂದು ಹಂತ ತಪ್ಪಿಹೋಗುತ್ತದೆ.

ಫೋಟೊ, ವಿಡಿಯೊ ಕೇಳಿಯೇ ತೆಗೆಯಿರಿ. ಫ್ಲಾಶ್ ಬೇಡ, ಕಣ್ಣಿಗೆ ಹೊಡೆದರೆ ಅವರ ಕೈ ತಪ್ಪುತ್ತದೆ.

ಕಟ್ಟಿ ಮುಗಿಸಿದ ಫ್ಲೈಯನ್ನು ಹಲವರು ಕೊಟ್ಟುಬಿಡುತ್ತಾರೆ, ಕೆಲವರು ಮಾರುತ್ತಾರೆ. ಸಾಧ್ಯವಾದರೆ ಎರಡು ತನ್ನಿ. ಒಂದನ್ನು ಮಾದರಿಗೆ ಇಟ್ಟುಕೊಂಡು ಇನ್ನೊಂದನ್ನು ಬಿಚ್ಚಿ. ವೈಸ್‌ಗೆ ಹಾಕಿ, ವಿಪ್ ಫಿನಿಶ್ ಮೇಲೆ ಬ್ಲೇಡ್ ತುದಿಯಿಂದ ದಾರ ಕತ್ತರಿಸಿ, ತಲೆಯಿಂದ ಬಾಲದ ಕಡೆಗೆ ಹಿಂದುಹಿಂದಾಗಿ ಬಿಚ್ಚುತ್ತಾ ಹೋಗಿ. ತಲೆಗೆ ಎಷ್ಟು ಸುತ್ತು, ಗರಿಯ ದಂಟು ಎಲ್ಲಿ ಮುಗಿಯಿತು, ಸೀಸದ ತಂತಿ ಎಲ್ಲಿಂದ ಎಲ್ಲಿಗೆ, ಎಲ್ಲ ಹೊರಬೀಳುತ್ತದೆ. ತಲೆಗೆ ರೆಸಿನ್ ಅಂಟು ಹಾಕಿದ್ದರೆ ಈ ಕೆಲಸ ಕಷ್ಟ. ಕೊನೆಯ ಪದರ ಹಾಕುವ ಮೊದಲೇ ಕೇಳಿ ಪಡೆಯಿರಿ.

ಜಲಕೀಟ
ಒಂದು ವಿರೋಧದ ಮಾತು. ಹಳೇ ಶೈಲಿಯ ಸಾಲ್ಮನ್ ಫ್ಲೈಗಳ ಮೇಜಿನ ಮುಂದೆ ಎಲ್ಲ ಕಡೆಯೂ ಜನ ಮುತ್ತಿರುತ್ತಾರೆ. ಬಣ್ಣ ಚೆಂದ, ಗಾಜಿನ ಪೆಟ್ಟಿಗೆಗೆ ಚೆಂದ. ಅಲ್ಲಿ ಒಂದು ಫ್ಲೈ ಮುಗಿಯಲು ಗಂಟೆಗಳು ಬೇಕು. ನಿಂಫ್ ಕಟ್ಟಿ ಮೀನು ಹಿಡಿಯುವವರಿಗೆ ಅದು ಕಾಲಹರಣ. ಎರಡೇ ದಿನ ಇರುವಾಗ ಆ ಕಡೆ ಸುಳಿಯಬೇಡಿ.

ಹಳೇಹ್ಯಾಕಲ್
ಒಪ್ಪುವುದಿಲ್ಲ ಜಲಕೀಟ ಅವರೇ. ಪೂರ್ತಿ ಫ್ಲೈ ನೋಡಬೇಕಿಲ್ಲ. ರೇಷ್ಮೆ ಫ್ಲಾಸ್‌ನ (ಹುರಿಯಿಲ್ಲದ ಎಳೆ) ಮೈ ಸುತ್ತುವ ಹದಿನೈದು ನಿಮಿಷ ನೋಡಿ ಸಾಕು. ಕೆಳಗಿನ ದಾರ ಒಂದೆಡೆ ಉಬ್ಬಿದ್ದರೂ ಫ್ಲಾಸ್ ಮೇಲೆ ಗುಡ್ಡದಂತೆ ಎದ್ದು ಕಾಣುತ್ತದೆ, ಆದ್ದರಿಂದ ಅವರ ತಳಹಾಸು ಕನ್ನಡಿಯಂತಿರುತ್ತದೆ. ಸಾಮಗ್ರಿಯ ಬುಡವನ್ನು ಕಟ್ಟಿದ ಜಾಗದಲ್ಲೇ ಕತ್ತರಿಸದೆ ದಂಡದ ಉದ್ದಕ್ಕೂ ಸಮವಾಗಿ ಹಾಸುವುದು ಅಲ್ಲಿ ಕಲಿತರೆ ನಿಮ್ಮ ನಿಂಫ್‌ನ ಮೈಯೂ ನುಣುಪಾಗುತ್ತದೆ. ಬೇರೆಬೇರೆ ಗರಿಯ ಎಳೆ ಜೋಡಿಸಿದ ರೆಕ್ಕೆ ನೋಡಿದರೆ ಗರಿಯ ರಚನೆ ಅರ್ಥವಾಗುತ್ತದೆ. ಎಡ ಗರಿಯ ಎಳೆ ಎಡದ್ದಕ್ಕೇ ಕೊಂಡಿ ಹಾಕಿಕೊಳ್ಳುತ್ತದೆ, ಬಲದ್ದಕ್ಕಲ್ಲ. ಇದು ಗೊತ್ತಿಲ್ಲದೆ ಬಾತುಕೋಳಿ ಗರಿಯ ರೆಕ್ಕೆ ಕಟ್ಟಿ ಒಂದು ರೆಕ್ಕೆ ಒಳಕ್ಕೆ, ಒಂದು ಹೊರಕ್ಕೆ ಬಾಗಿಸಿಕೊಳ್ಳುವವರು ಎಷ್ಟಿಲ್ಲ!

ಜಲಕೀಟ
ಹದಿನೈದು ನಿಮಿಷ ಅಂದರೆ ಒಪ್ಪಿದೆ. ಅಲ್ಲೇ ಕುರ್ಚಿ ಹಾಕಿಕೊಂಡು ಕೂರುವವರಿಗೆ ಹೇಳಿದ್ದು.

ಅದೇ ಮೇಜಿನಲ್ಲಿ ಕೆನ್ನೆಗೆ ಹಚ್ಚುವ ಹೊಳಪುಚುಕ್ಕೆಯ ಗರಿ ನೋಡಿ ಆಸೆಪಡಬೇಡಿ. ಅದು ಬೂದು ಕಾಡುಕೋಳಿಯ ಕತ್ತಿನ ಗರಿ. ಕಾಡುಹಕ್ಕಿಯ ಗರಿಯನ್ನು ಕೊಳ್ಳುವುದು, ಗಡಿ ದಾಟಿಸುವುದು ಎರಡಕ್ಕೂ ಕಾನೂನಿನ ತೊಡಕಿದೆ. ಸಾಕಿದ ಹಕ್ಕಿಯದು ಎನ್ನುವ ಕಾಗದ ಕೇಳದೆ ಮುಟ್ಟಬೇಡಿ. ಮೀನಿಗೆ ಪ್ಲಾಸ್ಟಿಕ್ ನಕಲೂ ನಡೆಯುತ್ತದೆ.

ತೊರೆಬದಿ
ತರಗತಿಗೆ ಸೇರುವುದಾದರೆ ಸಲಕರಣೆಯ ವಿಚಾರ. ಅಲ್ಲಿ ಸಮಯ ಹಾಳಾಗುವುದು ವೈಸ್ ಕೂರಿಸುವುದರಲ್ಲೇ. ಸಭಾಂಗಣದ ಮಡಚುಮೇಜಿನ ಅಂಚು ಕೆಳಗೆ ಮಡಿಚಿರುತ್ತದೆ, ಮೇಲೆ ಬಟ್ಟೆ ಹಾಸಿರುತ್ತದೆ. ಕ್ಲಾಂಪ್ ವೈಸ್ ಹಿಡಿಯುವುದಿಲ್ಲ, ಹಿಡಿದರೂ ಅಲ್ಲಾಡುತ್ತದೆ. ಭಾರದ ಪೀಠವಿರುವ ವೈಸ್ ಒಯ್ಯಿರಿ. ಬ್ಯಾಟರಿ ದೀಪ ಒಂದು, ಯಾಕೆಂದರೆ ಪ್ಲಗ್ ನಿಮ್ಮ ಕುರ್ಚಿಯ ಹತ್ತಿರ ಇರುವುದಿಲ್ಲ. ದಾರ ಪೋಣಿಸಿದ ಎರಡು ಬಾಬಿನ್, 70 ಮತ್ತು 140. ನಡುವೆ ದಾರ ಹರಿದರೆ ಮತ್ತೆ ಪೋಣಿಸುವಷ್ಟರಲ್ಲಿ ಪಾಠ ಎರಡು ಹಂತ ಮುಂದೆ ಹೋಗಿರುತ್ತದೆ. ಕತ್ತರಿ ಎರಡು: ಗರಿ, ದಾರಕ್ಕೆ ಚೂಪಾದದ್ದು, ತಂತಿಗೆ ಹಳೆಯದು. ಬಿಳಿ ಅಥವಾ ತಿಳಿಬೂದು ಕಾರ್ಡ್ ಒಂದನ್ನು ವೈಸ್ ಹಿಂದೆ ನಿಲ್ಲಿಸಿಕೊಳ್ಳಿ. ಎದುರಿನವರ ಹೂವಿನ ಅಂಗಿಯ ಮೇಲೆ 18ನೇ ಗಾಳ ಕಾಣಿಸುವುದಿಲ್ಲ.

ಹೋಗುವ ಮುಂಚೆ ಒಂದು ಅಭ್ಯಾಸ. ಗಾಳಕ್ಕೆ ದಾರ ಕಟ್ಟಿ, ಹರಿಯುವವರೆಗೆ ನಿಧಾನ ಎಳೆಯಿರಿ. ಹತ್ತು ಸಲ. ಹರಿಯುವ ಅಂಚಿನ ತುಸು ಈಚೆಗಿನ ಎಳೆತ ಕೈಗೆ ಗೊತ್ತಾಗಬೇಕು. ಕಲಿಸುವವರು “ಬಿಗಿಯಾಗಿ” ಅಂದಾಗ ಅವರು ಹೇಳುವುದು ಆ ಎಳೆತವನ್ನು.

ತಿರುಗುವ ವೈಸ್‌ನ ಬಗ್ಗೆಯೂ ಎಚ್ಚರ. ಡೆಮೊದಲ್ಲಿ ವೈಸ್ ತಿರುಗಿಸಿಯೇ ತಂತಿ, ಟಿನ್ಸೆಲ್ (ಹೊಳೆಯುವ ಪಟ್ಟಿ) ಸುತ್ತುತ್ತಿದ್ದರೆ ನಿಮ್ಮಲ್ಲಿ ಸಾದಾ ವೈಸ್ ಇದ್ದಾಗ ಅದು ಹಾಗೇ ಬರುವುದಿಲ್ಲ. ಕೈಯಿಂದ ಸುತ್ತಿದರೆ ದಿಕ್ಕು ಯಾವುದು ಎಂದು ಕೇಳಿಕೊಳ್ಳಿ.

ಜಲಕೀಟ
ಕೊಳ್ಳುವ ವಿಷಯ. ಡೆಮೊ ನೋಡಿದ ಬಿಸಿಯಲ್ಲಿ ಮೂಟೆ ಕಟ್ಟಬೇಡಿ. ಪ್ರದರ್ಶನದ ನಿಜವಾದ ಲಾಭ ಚರ್ಮವನ್ನು ಕೈಯಲ್ಲಿ ಹಿಡಿದು ನೋಡಿ ಆರಿಸಬಹುದು ಅನ್ನುವುದು, ಆದ್ದರಿಂದ ಹ್ಯಾಕಲ್, ಎಲ್ಕ್, ಬಕ್‌ಟೇಲ್ (ಜಿಂಕೆ ಬಾಲದ ಕೂದಲು) ಇಷ್ಟನ್ನೇ ಅಲ್ಲಿ ಕೊಳ್ಳಿ. ಮಣಿ, ದಾರ, ಗಾಳ ಎಲ್ಲಿ ಕೊಂಡರೂ ಒಂದೇ.

ಹ್ಯಾಕಲ್ ಆರಿಸುವಾಗ ಒಂದು ಗರಿಯನ್ನು ಚರ್ಮದಿಂದ ಕೀಳದೆ ಬಾಗಿಸಿ, ಎಳೆಗಳು ಎದ್ದು ನಿಂತಾಗ ಉದ್ದ ಒಂದೇ ಸಮ ಇದೆಯೇ ನೋಡಿ. ಗಾಳದ ಬಾಯಿಯ (ದಂಡಕ್ಕೂ ಮೊನೆಗೂ ನಡುವಿನ ಅಂತರ) ಅಗಲಕ್ಕೆ ಒಂದೂವರೆಯಿಂದ ಎರಡು ಪಟ್ಟು ಎಳೆ ಬೇಕು. ಹ್ಯಾಕಲ್ ಗೇಜ್ ಜೇಬಿನಲ್ಲಿರಲಿ. ದಂಟು ಸಪೂರವಾಗಿ ಬಾಗಬೇಕು, ಬುಡದ ಮೆತ್ತನೆ ನಾರು ಕಡಿಮೆ ಇರಬೇಕು. ನಾರು ನೀರು ಕುಡಿಯುತ್ತದೆ, ತೇಲಬೇಕಾದ ಒಣ ಫ್ಲೈ ಮುಳುಗುತ್ತದೆ. ಬೆನ್ನಿನ ಗರಿ ಉದ್ದ, ಒಂದರಲ್ಲಿ ಹಲವು ಫ್ಲೈ ಆಗುತ್ತದೆ, ಆದರೆ ಇಡೀ ಚರ್ಮದಲ್ಲಿ ಒಂದೆರಡು ಅಳತೆ ಮಾತ್ರ. ಕತ್ತಿನ ಚರ್ಮದಲ್ಲಿ ಹಲವು ಅಳತೆ ಇರುತ್ತದೆ. ಎಲ್ಲ ನಂಬರಿನಲ್ಲಿ ಸ್ವಲ್ಪ ಸ್ವಲ್ಪ ಕಟ್ಟುವವರಿಗೆ ಕತ್ತು, ಒಂದೇ ನಂಬರನ್ನು ಡಜನ್ ಲೆಕ್ಕದಲ್ಲಿ ಕಟ್ಟುವವರಿಗೆ ಬೆನ್ನು.

ಮನೆಗೆ ತಂದದ್ದನ್ನು ನೇರ ಹಳೇ ಡಬ್ಬಕ್ಕೆ ಸೇರಿಸಬೇಡಿ. ಒಂದು ಚರ್ಮದಲ್ಲಿ ಹುಳುವಿನ ಮೊಟ್ಟೆ ಇದ್ದರೆ ಇಡೀ ಸಂಗ್ರಹ ಹೋಯಿತು. ಗಾಳಿ ಹೋಗದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರ್, ಒಂದು ದಿನ ಹೊರಗೆ, ಮತ್ತೆ ಒಂದು ವಾರ ಫ್ರೀಜರ್. ಚೀಲ ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ, ಇಲ್ಲದಿದ್ದರೆ ಒಳಗೆ ತೇವ ಕೂರುತ್ತದೆ.

ಗಾಳದಕಣ್ಣು
ಅದ್ಭುತ, ಕಾರ್ಡ್ ಮೇಲೆ ಗಾಳದ ಚಿತ್ರ ಬರೆಯಲು ಶುರು ಮಾಡಿದ್ದೇನೆ. ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು) ಬಗ್ಗೆ ಒಂದು ಅನುಮಾನ. ಡೆಮೊಗಳಲ್ಲಿ 5 ಸೆಕೆಂಡಿಗೆ ಗಾಜಿನಂತಾಗುತ್ತದೆ. ಅದೇ ರೆಸಿನ್ ಮನೆಯಲ್ಲಿ ಅಂಟಂಟು.

ಮುಂಗೈ
ದೀಪ ನೋಡಿ, ಬಾಟಲಿ ಅಲ್ಲ. ರೆಸಿನ್ ಗಟ್ಟಿಯಾಗುವುದು 365ರಿಂದ 405 ನ್ಯಾನೊಮೀಟರ್ ನಡುವಿನ ಬೆಳಕಿಗೆ. ನಿಮ್ಮ ರೆಸಿನ್‌ಗೆ ಬೇಕಾದದ್ದು ಒಂದು, ಟಾರ್ಚ್ ಕೊಡುವುದು ಇನ್ನೊಂದು ಆಗಿದ್ದರೆ ಎಷ್ಟು ಹೊತ್ತು ಹಿಡಿದರೂ ಮೇಲ್ಮೈ ಅಂಟುತ್ತದೆ. ಡೆಮೊದವರ ಟಾರ್ಚ್‌ಗೆ ಆಗಷ್ಟೇ ಚಾರ್ಜ್ ಆದ ಬ್ಯಾಟರಿ ಇರುತ್ತದೆ, ಮನೆಯದ್ದು ಡ್ರಾಯರ್‌ನಲ್ಲಿ ಆರು ತಿಂಗಳು ಮಲಗಿರುತ್ತದೆ. ದಪ್ಪ ಹಚ್ಚಿದರೆ ಮೇಲೆ ಗಟ್ಟಿ, ಒಳಗೆ ಹಸಿ. ತೆಳುವಾಗಿ ಎರಡು ಸಲ ಹಾಕಿ, ಕೊನೆಗೆ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕಪ್ಪು ದಾರದೊಳಗೆ ಇಳಿದ ರೆಸಿನ್‌ಗೆ ಬೆಳಕೇ ತಲುಪುವುದಿಲ್ಲ, ಆದ್ದರಿಂದ ಅಲ್ಲಿ ಮಾಮೂಲಿ ಹೆಡ್ ಸಿಮೆಂಟ್ ವಾಸಿ. ಹಸಿ ರೆಸಿನ್ ಚರ್ಮಕ್ಕೆ ತಾಗಿಸಿಕೊಳ್ಳಬೇಡಿ, ಪದೇಪದೇ ತಾಗಿದರೆ ಅಲರ್ಜಿ ಬರುತ್ತದೆ, ಬಂದರೆ ಹೋಗುವುದಿಲ್ಲ.

ಡಬ್ಬಿಂಗ್‌ಗೆ ದಾರವನ್ನೋ ಬೆರಳನ್ನೋ ನೆಕ್ಕಿ ತೇವ ಮಾಡುವವರನ್ನೂ ನೋಡುತ್ತೀರಿ. ಅದನ್ನು ಮಾತ್ರ ಕಲಿಯಬೇಡಿ, ಬಣ್ಣ ಹಾಕಿದ ತುಪ್ಪಟ ಅದು. ಮೇಣ ಇರುವುದೇ ಅದಕ್ಕೆ.

ಹಳೇಹ್ಯಾಕಲ್
ಪ್ರಶ್ನೆ ಯಾವಾಗ ಕೇಳಬೇಕು ಎನ್ನುವುದೂ ಮುಖ್ಯ. ರೆಕ್ಕೆ ಕಟ್ಟುವಾಗ, ಕೂದಲು ಹಿಡಿದಾಗ ಬಾಯಿ ಮುಚ್ಚಿಕೊಂಡಿರಿ. ಮೈ ಸುತ್ತುವಾಗ, ದಾರ ಹಾಸುವಾಗ ಅವರ ಕೈಗೆ ಬಿಡುವು, ಆಗ ಕೇಳಿ. “ಇದು ಯಾವ ಮೀನಿಗೆ?” ಅನ್ನುವುದಕ್ಕಿಂತ “ಇಲ್ಲಿ ಕಲಿಯುವವರು ಎಲ್ಲಿ ತಪ್ಪುತ್ತಾರೆ?” ಅಂದರೆ ಹತ್ತು ಪಟ್ಟು ಸಿಗುತ್ತದೆ. ಬೇಕೆಂದೇ ತಪ್ಪಾಗಿ ಕಟ್ಟಿ ತೋರಿಸುವವರೂ ಇದ್ದಾರೆ.

ಒಂದೇ ಹೆಸರಿನ ಫ್ಲೈ ಎರಡು ಮೇಜಿನಲ್ಲಿ ಬೇರೆಬೇರೆಯಾಗಿ ಕಂಡರೆ ಗಾಬರಿ ಬೇಡ. ಇಂಗ್ಲೆಂಡಿನ ನದಿಪಾಲಕ ಫ್ರಾಂಕ್ ಸಾಯರ್ ಕಟ್ಟಿದ ಮೂಲ ಫೆಸೆಂಟ್ ಟೇಲ್‌ನಲ್ಲಿ ದಾರವೇ ಇಲ್ಲ, ಸಪೂರ ತಾಮ್ರದ ತಂತಿಯೇ ದಾರ, ಅದೇ ತೂಕ. ಕಾಲುಗಳೂ ಇಲ್ಲ. ಈಗಿನವರು ದಾರ, ಮಣಿ, ಕಾಲು, ನವಿಲುಗರಿಯ ಎದೆ ಎಲ್ಲ ಸೇರಿಸುತ್ತಾರೆ. ಯಾಕೆ ಬದಲಾಯಿಸಿದಿರಿ ಅಂತ ಕೇಳಿ. ಉತ್ತರ “ಬೇಗ ಮುಳುಗಲಿ ಅಂತ” ಆಗಿದ್ದರೆ ಕಲಿಯಿರಿ, “ಚೆಂದ ಕಾಣಲಿ ಅಂತ” ಆಗಿದ್ದರೆ ಮುಂದಿನ ಮೇಜಿಗೆ ನಡೆಯಿರಿ.

ನವಿಲೆಳೆ
ಎರಡು ದಿನದ ಹಂಚಿಕೆ: ಮೊದಲ ಬೆಳಿಗ್ಗೆ ಏನೂ ಬರೆಯದೆ ಎಲ್ಲ ಮೇಜು ಸುತ್ತಿ. ನಿಮಗೆ ಬೇಕಾದ ಎರಡು ಕೆಲಸ (ನಿಮ್ಮ ಮಟ್ಟಿಗೆ ಎಲ್ಕ್ ರೆಕ್ಕೆ, ಪ್ಯಾರಾಶೂಟ್) ಯಾರು ಮಾಡುತ್ತಿದ್ದಾರೆ ಗುರುತು ಮಾಡಿಕೊಳ್ಳಿ. ಮಧ್ಯಾಹ್ನ ಅವರಲ್ಲೇ ಕೂತು ಒಂದೇ ಫ್ಲೈಯನ್ನು ಮೂರು ಸಲ ನೋಡಿ: ಮೊದಲ ಸಲ ಎಡಗೈ, ಎರಡನೇ ಸಲ ದಾರ, ಮೂರನೇ ಸಲ ಬರೆಯುವುದು. ರಾತ್ರಿ ತಂಗಿದಲ್ಲೇ ಆರು ಕಟ್ಟಿ. ಎರಡನೇ ದಿನ ಆ ಆರನ್ನೂ ತೆಗೆದುಕೊಂಡು ಹೋಗಿ ಅವರಿಗೇ ತೋರಿಸಿ. ಮೊದಲನೆಯದು ಯಾವುದು, ಆರನೆಯದು ಯಾವುದು ಅಂತ ಹೇಳಬೇಡಿ.

ಗಾಳದಕಣ್ಣು
ಕೆಟ್ಟದ್ದನ್ನೂ ತೋರಿಸಬೇಕೇ? ಸ್ವಲ್ಪ ಮುಜುಗರ.

ಮುಂಗೈ
ಕೆಟ್ಟದ್ದನ್ನೇ ಮುಂದಿಡಿ. ರೆಕ್ಕೆ ಉರುಳಿದ ಫ್ಲೈಯ ಕೆಳಭಾಗ ನೋಡಿದರೆ ಎಷ್ಟನೇ ಸುತ್ತಿಗೆ ಬೆರಳು ಬಿಟ್ಟಿರಿ ಅಂತ ಅವರು ಹೇಳುತ್ತಾರೆ. ಚೆನ್ನಾಗಿ ಬಂದದ್ದನ್ನು ನೋಡಿ “ಚೆನ್ನಾಗಿದೆ” ಅಂತಷ್ಟೇ ಹೇಳಲು ಸಾಧ್ಯ. ತಲೆಗೆ ಸಿಮೆಂಟ್ ಮಾತ್ರ ಹಚ್ಚಬೇಡಿ, ಬಿಚ್ಚಿ ನೋಡಬೇಕಾಗುತ್ತದೆ.